ಮೋಡ ಎಂದು ಬರೆದ ಎರಡು ದಿನ

ಕೊರೋನಾದ ಎರಡನೆಯ ವರ್ಷ ನಾನು ಭೀಮರಾಯನಗುಡಿಯ ಮನೆಯ ಮಾಳಿಗೆಯ ಮೇಲೆ ಕುಳಿತು, ಸಮುದ್ರದಾಚೆಯ ಯಾವುದೋ ದ್ವೀಪದ ಜ್ವಾಲಾಮುಖಿಯನ್ನು ಏಳು ತಿಂಗಳು ಕಾಯ್ದೆ. ಹೀಗೆಂದರೆ ಈಗಲೂ ಜನ ನಗುತ್ತಾರೆ.

ನಾನು ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿತ್ತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ್ದ ಸುರಪುರದವನೊಬ್ಬ ಫೋನು ಮಾಡಿ, ಮನೆಯಲ್ಲೇ ಕೂತು ಮಾಡುವ ಕೆಲಸವೊಂದಿದೆ ಎಂದ. ಆ ಬೆಟ್ಟದ ಎದುರು ಯಾರೋ ಒಂದು ಕ್ಯಾಮೆರಾ ನಿಲ್ಲಿಸಿದ್ದರು. ಅದರ ಚಿತ್ರಗಳು ಕಂಪ್ಯೂಟರಿಗೆ ಬರುತ್ತಿದ್ದವು. ಪ್ರತಿ ಚಿತ್ರದ ಕೆಳಗೆ ಐದು ಖಾನೆ: ಮೋಡ, ಬಿಳಿ ಹೊಗೆ, ಬೂದಿ, ಬೆಂಕಿ, ಏನೂ ಕಾಣುವುದಿಲ್ಲ. ಒಂದಕ್ಕೆ ಗುರುತು ಹಾಕಬೇಕು. ಅದೇ ಚಿತ್ರವನ್ನು ಬೇರೆ ಊರುಗಳಲ್ಲಿ ಇನ್ನಿಬ್ಬರು ನೋಡುತ್ತಿದ್ದರು. ಮೂವರಲ್ಲಿ ಇಬ್ಬರು ಹೇಳಿದ್ದೇ ಸರಿ; ಬೇರೆ ಹೇಳಿದವರ ಅಂಕ ಇಳಿಯುತ್ತದೆ. ತೀರ ಇಳಿದರೆ ಕೆಲಸ ಹೋಗುತ್ತದೆ. ನಮ್ಮ ಮೂವರ ಮೇಲ್ವಿಚಾರಕ ಆ ಸುರಪುರದವನೇ.

ಅಪ್ಪ ಕಾಲುವೆಯ ಕೆಲಸದಲ್ಲಿದ್ದು ನಿವೃತ್ತನಾದವನು. ದಿನಾ ಬೆಳಿಗ್ಗೆ ಕಾಲುವೆ ಗೋಡೆಯ ಅಳತೆಪಟ್ಟಿಯ ಮೇಲೆ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ ಬರೆದಿಡುವುದೇ ಅವನ ನೌಕರಿಯಾಗಿತ್ತು. ಮೊದಲ ದಿನ ಪರದೆ ನೋಡಿ, "ಮೋಡ ನೋಡಾಕ ಕಂಪ್ಯೂಟರ್ ಯಾಕ ಬೇಕವಾ?" ಎಂದು ನಕ್ಕ. ಆಮೇಲೆ ತಾನೂ ಚಹಾದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರತೊಡಗಿದ. ಚಿತ್ರದ ಕೆಳಮೂಲೆಯಲ್ಲಿ ತಗಡಿನ ಮನೆಯೊಂದಿತ್ತು. ಒಬ್ಬ ಹೆಂಗಸು ದಿನಾ ಬಟ್ಟೆ ಒಣಹಾಕುತ್ತಿದ್ದಳು. ಮುಖ ಕಾಣುವಷ್ಟು ಹತ್ತಿರವಲ್ಲ. "ಆ ಹೆಣ್ಮಗಳು ಇವತ್ತ ಯಾಕ ಹೊರಗ ಬಂದಿಲ್ಲ?" ಎಂದು ಅಪ್ಪ, ಓಣಿಯವರನ್ನು ವಿಚಾರಿಸಿದಂತೆ ಕೇಳುತ್ತಿದ್ದ.

ಕೆಲಸ ಹಿಡಿದ ಆರನೆಯ ತಿಂಗಳ ಕೊನೆಗೆ, ಬೆಟ್ಟದ ತುದಿಯ ಬಾಯಿಗಿಂತ ಸಾಕಷ್ಟು ಕೆಳಗೆ, ಎಡಮಗ್ಗುಲಲ್ಲಿ, ತೆಳ್ಳಗೆ ಬಿಳಿ ಏನೋ ಕಂಡಿತು. ಮರುದಿನವೂ ಅಲ್ಲೇ. ನಾನು "ಬಿಳಿ ಹೊಗೆ" ಎಂದು ಗುರುತು ಹಾಕಿದೆ. ಇನ್ನಿಬ್ಬರು "ಮೋಡ" ಎಂದರು. ನನ್ನ ಅಂಕ ಇಳಿಯಿತು. ಹದಿನೈದು ದಿನ ಹೀಗೇ ನಡೆದ ಮೇಲೆ ಅವನ ಫೋನು ಬಂತು.

"ಏನ್ ನಡಸೀದಿ? ಉಳದ ಇಬ್ಬರೂ ಮೋಡ ಅಂತಾರ, ನೀ ಒಬ್ಬಾಕಿ ಹೊಗಿ ಅಂತಿ."

"ಮೋಡ ಸರೀತದ. ಇದು ಒಂದ ಜಾಗಾದಾಗ ನಿಂತದ. ಗಾಳಿ ಎತ್ತಾಗ ಬೀಸಿದ್ರೂ ಇದರ ಬುಡ ಸರ್ಯಂಗಿಲ್ಲ. ಸುತ್ತಲಿನ ಹಸರು ಕೂಡ ಸುಟ್ಟಂಗ ಆಗ್ಯಾದ."

"ಅದನ್ನ ನೋಡಾಕ ಅಲ್ಲಿ ದೊಡ್ಡ ದೊಡ್ಡ ಮಂದಿ ಅದಾರ. ನಿನ್ನ ಕೆಲಸ ಖಾನಿಗೆ ಗುರ್ತು ಹಾಕೋದು, ಅಷ್ಟ."

"ಹಂಗಾರ ಆ ದೊಡ್ಡ ಮಂದಿಗೆ ಒಂದ್ ಮಾತು ಮುಟ್ಟಸು."

"ಬರದು ಕಳಸು. ನೋಡ್ತೀನಿ."

ಆ ಮಧ್ಯಾಹ್ನವೇ ಮೂರು ಚಿತ್ರಗಳ ಮೇಲೆ ಆ ಜಾಗಕ್ಕೆ ಕೆಂಪು ಸುತ್ತು ಹಾಕಿ, ಯಾವ ದಿನ ಏನು ಕಂಡಿತೆಂದು ಒಂದು ಪುಟ ಬರೆದು ಕಳಿಸಿದೆ. ಅವನು ನೋಡಿದ್ದಾನೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ವಾರದ ಮೇಲೆ ಬಂದದ್ದು ಒಂದೇ ಸಾಲು: ಇನ್ನೊಂದು ಸಲ ಅಂಕ ಇಳಿದರೆ ತಾನು ಏನೂ ಮಾಡುವಂತಿಲ್ಲ.

ಮರುದಿನ ನಾನು "ಮೋಡ" ಎಂದು ಗುರುತು ಹಾಕಿದೆ. ಅದರ ಮರುದಿನವೂ ಹಾಕಿದೆ. ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ಎರಡನೆಯ ದಿನ ಅಪ್ಪ ಪಕ್ಕದಲ್ಲೇ ಇದ್ದ. ಆ ಬಿಳಿ ಈಗ ಕಂಬದಷ್ಟು ದಪ್ಪವಾಗಿತ್ತು.

"ಅದು ಮೋಡ ಏನವಾ?"

"ಹೂಂ ಅಪ್ಪಾ, ಮೋಡ."

ಅಪ್ಪ ಬಟ್ಟಲು ಎತ್ತಿಕೊಂಡು ಕೆಳಗಿಳಿದು ಹೋದ.

ಮೂರನೆಯ ದಿನ ಮೊದಲ ಚಿತ್ರದಲ್ಲಿ ಎಡಮಗ್ಗುಲು ಸೀಳಿತ್ತು. ಬೂದಿ ಉರುಳುತ್ತ ಇಳಿಯುತ್ತಿತ್ತು. ಮುಂದಿನ ಚಿತ್ರ ಪೂರ್ತಿ ಬೂದುಬಣ್ಣ. ಅದರ ಮುಂದಿನದೂ ಅಷ್ಟೇ. ನಾನು ಒಂದೊಂದಕ್ಕೂ "ಬೂದಿ" ಎಂದು ಗುರುತು ಹಾಕುತ್ತ ಹೋದೆ. ಅವತ್ತು ಮೂವರೂ ಒಂದೇ ಹೇಳಿದ್ದೆವು. ಅಂಕ ಏರಿತು.

ಸಂಜೆಯ ಹೊತ್ತಿಗೆ ಕಂಪ್ಯೂಟರ್ ನನ್ನ ಗುಪ್ತಪದ ಒಪ್ಪಲಿಲ್ಲ. ಅವನಿಗೆ ಫೋನು ಹಚ್ಚಿದೆ.

"ಮೂರೂ ಮಂದೀನ ತಗದಾರ. ಕಡೀ ಎರಡು ದಿನ ಮೋಡ ಅಂತ ಬರದೀರಿ, ದಾಖಲಾ ಅದ. ನಾ ಏನ್ ಮಾಡ್ಲಿ?"

"ನಾ ಕಳಿಸಿದ್ದು?"

"ಅದೇನು ದಾಖಲಾದಾಗ ಬರಂಗಿಲ್ಲ."

"ಕೆಳಗ ಒಂದು ತಗಡಿನ ಮನಿ ಇತ್ತು. ಅವರು?"

"ಊರು ಖಾಲಿ ಮಾಡಿಸಿದ್ರಂತ."

"ಯಾರಂದ್ರು?"

"ಹಂಗಂತ ತಿಳ್ಕೊ," ಎಂದು ಫೋನು ಇಟ್ಟ.

ಪತ್ರಿಕೆಯಲ್ಲಿ ಒಳಪುಟದಲ್ಲಿ ನಾಲ್ಕು ಸಾಲಿತ್ತು. ಕೆಲವರು ಸತ್ತಿದ್ದಾರೆ, ಬಹಳ ಜನ ಊರು ಬಿಟ್ಟಿದ್ದಾರೆ ಎಂದಿತ್ತು. ಆ ಹೆಂಗಸು ಯಾವ ಸಾಲಿನಲ್ಲಿದ್ದಾಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಓದಿ, ಪತ್ರಿಕೆ ಮಡಚಿಟ್ಟು, ಹೊರಗೆ ಹೋದ. ಅವಳ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಶಾಲೆ ತೆರೆಯಿತು. ಎರಡು ವರ್ಷದ ನಂತರ ಸುರಪುರದಲ್ಲಿ ವಿಜ್ಞಾನದ ಕಾರ್ಯಕ್ರಮವೊಂದಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಅವನಿದ್ದ, ಹೆಗಲ ಮೇಲೆ ಶಾಲು. ದೂರದ ಜ್ವಾಲಾಮುಖಿಯ ಮುನ್ಸೂಚನೆ ಹಿಡಿದ ನಮ್ಮ ಮಣ್ಣಿನ ಮಗ ಎಂದು ನಿರೂಪಕರು ಹೊಗಳಿದರು. ಅವನು ಪರದೆಯ ಮೇಲೆ ತೋರಿಸಿದ್ದು ನನ್ನ ಮೂರು ಚಿತ್ರಗಳನ್ನು, ನಾನು ಹಾಕಿದ ಸುತ್ತು ಸಮೇತ. ನನ್ನ ಪುಟವನ್ನೇ ಓದಿದ. ನನ್ನ ಒಂದು ಕಾಗುಣಿತದ ತಪ್ಪು ಕೂಡ ಹಾಗೇ ಉಳಿದಿತ್ತು. ಬೆಟ್ಟ ಸೀಳಿದ ಮೇಲೆ, ಮೊದಲೇ ಯಾರಾದರೂ ಏನಾದರೂ ಕಂಡಿದ್ದರೆ ತಿಳಿಸಿ ಎಂದು ಆ ದ್ವೀಪದ ವಿಜ್ಞಾನಿಗಳು ಕೇಳಿದ್ದರಂತೆ. ಆಗ ಇದನ್ನು ತನ್ನ ಹೆಸರಲ್ಲಿ ಕಳಿಸಿದ್ದ.

ಚಹಾದ ಹೊತ್ತಿಗೆ ನನ್ನ ನೋಡಿ ಅವನ ಮುಖ ಬಿಳುಚಿತು.

"ನೀನೂ ಇದ್ದೆಲ್ಲಾ ಟೀಮಿನಾಗ. ಹೇಳಬೇಕಂತ ಮಾಡಿದ್ದೆ, ಟೈಮ್ ಸಾಲಲಿಲ್ಲ."

"ಆವಾಗ್ಲೇ ಕಳಿಸಿದ್ರ ಟೈಮ್ ಇತ್ತು."

"ನೀನರ ಏನ್ ಮಾಡಿದಿ? ಕಡೀಗೆ ಮೋಡ ಅಂತ ಬರದಾಕಿ ನೀನ," ಎಂದ, ದನಿ ತಗ್ಗಿಸಿ.

ಬಟ್ಟಲು ಅಲ್ಲೇ ಇಟ್ಟು ಹುಡುಗಿಯರನ್ನು ಎಬ್ಬಿಸಿಕೊಂಡು ಹೊರಟೆ.

ಬಸ್ಸು ಶಹಾಪುರದ ದಾರಿ ಹಿಡಿದ ಮೇಲೆ ಹಿಂದಿನ ಸೀಟಿನ ಹುಡುಗಿ ಕೇಳಿದಳು: "ಮೇಡಂರೀ, ಅವರು ನಿಮಗ ಗುರ್ತೇನ್ರಿ? ಭಾರಿ ಶಾಣ್ಯಾ ಅದಾರ ಅಲ್ರಿ?"

ಹೌದು, ನನ್ನ ಜೊತೆ ಓದಿದವರು ಎಂದಷ್ಟೇ ಹೇಳಿದೆ. ಆ ಪುಟ ನನ್ನದೆಂದು ಹೇಳಬಹುದಿತ್ತು. ಹೇಳಿದರೆ, ಆ ಎರಡು ದಿನದ್ದನ್ನೂ ಹೇಳಬೇಕಾಗುತ್ತಿತ್ತು.