ಮಾಳವ್ವನ ಮನೆಯ ಕಡ್ಡಿಪೆಟ್ಟಿಗೆ

ಇವತ್ತು ಮಧ್ಯಾಹ್ನ ನಮ್ಮ ಸೊಸೆ ಸುಮಾ ಬಚ್ಚಲಿನಿಂದ ಹಾಕಿದ ಕೂಗಿಗೆ, ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳ ಸದ್ದೂ ಒಂದು ಗಳಿಗೆ ಸಣ್ಣದಾಯಿತು. ಓಡಿ ಹೋಗಿ ನೋಡಿದರೆ ನನ್ನ ಅಂಗಿ ಬಕೀಟಿನಲ್ಲಿ, ಅವಳ ಕೈಯಲ್ಲಿ ನೀರು ಸೋರುವ ಒಂದು ಕಡ್ಡಿಪೆಟ್ಟಿಗೆ.

“ಏನ್ರಿ ಮಾವಾರ ಇದು? ಮತ್ತ ಬೀಡಿ ಚಾಲೂ ಮಾಡೀರೇನು?”

ನಾನು ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು. ಡಾಕ್ಟರರು ಹೆದರಿಸಿದ್ದಕ್ಕೆ ಬಿಟ್ಟೆನೇ ಹೊರತು ವೈರಾಗ್ಯದಿಂದಲ್ಲ. ಅದು ಸುಮಾಗೆ ಗೊತ್ತು. ಅದಕ್ಕೇ ಒಗೆಯುವ ಮುಂಚೆ ನನ್ನ ಅಂಗಿ ಮೂಸಿ ನೋಡುತ್ತಾಳೆ. ಈ ವಯಸ್ಸಿನಲ್ಲಿ ಸೊಸೆಯ ಮುಂದೆ ಕಳ್ಳನ ಹಾಗೆ ನಿಲ್ಲುವುದೆಂದರೆ ಸಿಟ್ಟು ಬರುತ್ತದೆ ನೋಡಿ. ಬಂತು. “ಬೀಡಿಗಲ್ಲವಾ ಅದು, ಒಲಿಗೆ” ಎಂದು ಹೇಳಿ ಹೊರಗಿನ ಕಟ್ಟೆಗೆ ಬಂದು ಕೂತೆ. ಯಾವ ಒಲೆ, ಯಾರ ಒಲೆ ಎಂದು ಅವಳು ಕೇಳಿದಳು. ಒಂದು ಮಾತಿನಲ್ಲಿ ಮುಗಿಯುವ ಕತೆಯಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಆಗಲಿಲ್ಲ. ನೀವಾದರೂ ಕೂತು ಕೇಳಿ, ನಿಮಗೆ ಒಗೆಯುವ ಬಟ್ಟೆ ಇಲ್ಲವಲ್ಲ.

ವಯಸ್ಸಿದ್ದಾಗ ನಾನು ಸೀರೆಯ ಗಂಟು ಹೊತ್ತವನು. ನಮ್ಮ ಮಗ್ಗದ ಸೀರೆಗಳನ್ನು ಕೃಷ್ಣೆಯ ಆಚೆ ದಂಡೆಯ ಹಳ್ಳಿಗಳಲ್ಲಿ ಮನೆಮನೆಗೆ ಬಿಚ್ಚಿ ತೋರಿಸಿ ಮಾರುತ್ತಿದ್ದೆ. ಹಿಪ್ಪರಗಿಯ ಹತ್ತಿರ ಒಂದು ಚಿಕ್ಕ ಊರಿನ ಕಡವಿನಲ್ಲಿ ದೋಣಿ ಇತ್ತು. ದೋಣಿ ಬೀರಪ್ಪನದು. ಬೀರದೇವರ ಒಕ್ಕಲು, ಕುರಿ ಕಾಯುವ ಮನೆತನ. ಕುರಿಗಳನ್ನು ಹೊಳೆ ದಾಟಿಸಲಿಕ್ಕೆಂದು ಅವರ ಹಿರಿಯರು ದೋಣಿ ಮಾಡಿಸಿದ್ದರಂತೆ. ಮುಂದೆ ಕುರಿ ಹೋಗಿ ದೋಣಿ ಉಳಿಯಿತು. ದಂಡೆಯ ಮೇಲೆ, ನೀರಿಗಿಳಿಯುವ ಮೆಟ್ಟಿಲಿನ ತಲೆಗೇ ಅವನ ಮನೆ. ಆ ಮನೆಯ ಪಡಸಾಲೆಯಲ್ಲೇ ಅವನ ಹೆಂಡತಿ ಮಾಳವ್ವನ ಖಾನಾವಳಿ.

ಅಂಥ ರೊಟ್ಟಿ ನಾನು ಮತ್ತೆಲ್ಲೂ ತಿಂದಿಲ್ಲ. ನಮ್ಮ ಮನೆಯಲ್ಲಿ ಈ ಮಾತು ಹೇಳಿ ಎರಡು ಸಲ ಉಪವಾಸ ಬಿದ್ದಿದ್ದೇನೆ, ಆದರೂ ಖರೇ ಖರೇನೇ. ಮಾಳವ್ವ ರೊಟ್ಟಿ ಬಡಿದು ಬುಟ್ಟಿ ತುಂಬಿಸಿ ಇಟ್ಟುಕೊಳ್ಳುತ್ತಿರಲಿಲ್ಲ. ಆಚೆ ದಂಡೆಯಿಂದ ದೋಣಿ ಬಿಟ್ಟು ನಡುಹೊಳೆಗೆ ಬರುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಲೆ ಎಷ್ಟಿವೆ ಎಂದು ಅಲ್ಲಿಂದಲೇ ಅಂದಾಜು ಮಾಡಿ, ಆಮೇಲೆ ರೊಟ್ಟಿಯ ಹಂಚು ಏರಿಸುತ್ತಿದ್ದಳು. ನಾವು ಮೆಟ್ಟಿಲಿಗೆ ಕಾಲಿಡುವುದಕ್ಕೂ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುವುದಕ್ಕೂ ಸರಿಹೋಗುತ್ತಿತ್ತು. ಅಲ್ಲಿ ಹೊಳೆಮೀನಿನ ಸಾರು ಕುದಿಯುತ್ತಿತ್ತು, ನಮ್ಮದು ಶಿವಪೂಜೆಯ ಮನೆತನ. ನಮ್ಮಂಥವರಿಗೆಂದು ಬೇರೆ ಹಂಚನ್ನು ಬೇರೆ ಮೊಳೆಗೆ ತೂಗುಹಾಕಿದ್ದಳು. ನಾನು ಪ್ರತಿ ಸಲವೂ ಆ ಮೊಳೆಯ ಕಡೆಗೆ ಒಂದು ಕಣ್ಣು ಹಾಯಿಸದೆ ಕೂರುತ್ತಿರಲಿಲ್ಲ.

“ಸಾವಕಾರ್ರ, ಹಂಚಿನ ಕುಲಾ ಕೇಳೂದು ಆಗಿದ್ರ ಉಣ್ಣಾಕ ಕುಂದರ್ರಿ” ಎನ್ನುತ್ತಿದ್ದಳು. ತಲೆಯ ಮೇಲೆ ಗಂಟು ಹೊತ್ತು ತಿರುಗುವ ನನ್ನನ್ನು ಸಾವಕಾರ ಎಂದು ಕರೆದದ್ದು ಜಗತ್ತಿನಲ್ಲಿ ಅವಳೊಬ್ಬಳೇ, ಅದೂ ಚೇಷ್ಟೆಗೆ.

ಅವರ ಮನೆಯ ಒಂದು ಪದ್ಧತಿ ಹೇಳಬೇಕು. ದೋಣಿ ನೀರಿನ ಮೇಲಿರುವತನಕ ಅವರು ಒಲೆ ಆರಗೊಡುತ್ತಿರಲಿಲ್ಲ. ಸಂಜೆ ಕೊನೆಯ ದೋಣಿ ದಂಡೆಗೆ ಹತ್ತಿದ ಮೇಲೆ ಮಾಳವ್ವ ಒಳಗಿನಿಂದಲೇ ಕೇಳುತ್ತಿದ್ದಳು, “ಎಲ್ಲಾರೂ ಇಳದ್ರೇನ?” ಬೀರಪ್ಪ ಹಗ್ಗ ಕಟ್ಟುತ್ತ ಹೇಳುತ್ತಿದ್ದ, “ಇಳದಾರ. ಒಲಿ ಶಾಂತ ಮಾಡು.” ನಮ್ಮ ಕಡೆ ಒಲೆಗಾಗಲಿ ದೀಪಕ್ಕಾಗಲಿ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಆಗ ಅವಳು ಒಂದು ತಂಬಿಗೆ ನೀರು ಚಿಮುಕಿಸಿ ಕೆಂಡ ಆರಿಸಿ, ಒಲೆಗೆ ಒಂದು ಚಿಟಿಕೆ ಭಂಡಾರದ ಅರಿಸಿನ ಹಚ್ಚಿ ಕೈಮುಗಿಯುತ್ತಿದ್ದಳು. ನೂರಾರು ಸಲ ಕೇಳಿದ ಮಾತು ಇದು. ಊಟಕ್ಕೆ ಕೂತವರ ಲಕ್ಷ್ಯ ಅದರ ಕಡೆ ಎಲ್ಲಿರುತ್ತದೆ?

ಒಂದು ಶ್ರಾವಣದಲ್ಲಿ ಹೊಳೆ ಏರಿ ಬಂತು. ನಡುಗಡ್ಡೆಯ ಹೊಲದ ಮನೆಗಳಲ್ಲಿ ಜನ ಸಿಕ್ಕಿಕೊಂಡರು. ಬೀರಪ್ಪ ಎರಡು ಸಲ ಹೋಗಿ ದೋಣಿ ತುಂಬ ಜನರನ್ನು ಕರೆತಂದ. ಇನ್ನೊಂದು ಸಂಸಾರ ಉಳಿದಿದೆ ಎಂದು ಮತ್ತೆ ಹೊರಟ. ಒಲೆಯ ಮುಂದೆ ನಿಂತು ಚಹಾ ಕುಡಿದು, “ಒಲಿ ಬಿಡಬ್ಯಾಡ, ಬಂದೆ” ಎಂದು ಹೇಳಿ ಹೋದ. ಆ ಸಂಸಾರವನ್ನು ಆಚೆ ದಂಡೆಯವರು ಅಷ್ಟೊತ್ತಿಗಾಗಲೇ ಇನ್ನೊಂದು ದೋಣಿಯಲ್ಲಿ ದಾಟಿಸಿದ್ದರು. ಇವನಿಗೆ ಅದು ಹೇಗೆ ಗೊತ್ತಾಗಬೇಕು? ನೀರು ಇಳಿದ ಮೇಲೆ ದೋಣಿ ದೂರದ ಜೊಂಡಿನಲ್ಲಿ ಒಡೆದು ಸಿಕ್ಕಿತು. ಬೀರಪ್ಪ ಸಿಗಲಿಲ್ಲ.

ಮಾಳವ್ವ ಒಲೆ ಆರಿಸಲಿಲ್ಲ.

ಮುಂದೆ ಸೇತುವೆಯಾಯಿತು, ರಸ್ತೆ ಕಡವನ್ನು ಬಿಟ್ಟು ದೂರ ಹೋಯಿತು, ಖಾನಾವಳಿಗೆ ಬರುವವರಿಲ್ಲದಾಯಿತು. ಮಗ ಸಿದ್ದಪ್ಪನನ್ನು ಕಟ್ಟಿಕೊಂಡು ಅವರಿವರ ಕಬ್ಬಿನ ಹೊಲದಲ್ಲಿ ದುಡಿದಳು. ಹಗಲೆಲ್ಲ ಎಲ್ಲಿ ದುಡಿದರೂ ಮುಂಜಾನೆ ಸಂಜೆ ಒಲೆಗೆ ಸಗಣಿಯ ಕುಳ್ಳು ಇಟ್ಟು, ಬೂದಿ ಮುಚ್ಚಿ, ಕೆಂಡ ಕಾಯ್ದಳು. ನಾನು ಆ ಕಡೆ ಹೋದಾಗೊಮ್ಮೆ ಬೀಡಿಗೆ ಬೆಂಕಿ ಕೇಳಿದರೆ ಚಿಮಟದಲ್ಲಿ ಕೆಂಡ ಹಿಡಿದು ಕೊಡುತ್ತಿದ್ದಳು. ಆ ಮನೆಯಲ್ಲಿ ಕಡ್ಡಿಪೆಟ್ಟಿಗೆ ಎಂಬುದೇ ಇರಲಿಲ್ಲ. ದೇವರ ದೀಪಕ್ಕೂ, ಕಡೆಕಡೆಗೆ ಬಂದ ಗ್ಯಾಸಿಗೂ ಆ ಒಲೆಯಿಂದಲೇ ಬೆಂಕಿ. ಅವಳ ಮುಂದೆ ಆ ವಿಷಯ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ.

ಸಿದ್ದಪ್ಪನ ಮದುವೆಯಾಗಿ ಕಸ್ತೂರಿ ಬಂದಳು. ಮುಧೋಳದ ಹತ್ತಿರ ತಿಮ್ಮಾಪುರದ ಹುಡುಗಿ. “ನಮ್ಮೂರ ಬ್ಯಾಟಿ ನಾಯಿಗಿಂತ ಜೋರ ಓಡ್ತೇನ್ರಿ ನಾ” ಎಂದು ತಾನೇ ಹೇಳಿಕೊಂಡು ನಗುತ್ತಾಳೆ, ಸುಳ್ಳಲ್ಲ. ಅವಳು ಬಂದವಳೇ ಒಂದು ಸಂಗತಿ ಗಮನಿಸಿದಳು. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ನೋಡಲಿಕ್ಕೆ ರವಿವಾರ ಜಮಖಂಡಿ, ರಬಕವಿಯಿಂದ ಕಾರು ಕಟ್ಟಿಕೊಂಡು ಬರುವ ಜನ ತಂದ ಚಪಾತಿಯನ್ನು ಬಿಸಿಲಲ್ಲಿ ನಿಂತೇ ತಿಂದು ಹೋಗುತ್ತಿದ್ದರು. ಅವರಿಗೆ ನೆರಳಿಲ್ಲ, ಬಿಸಿ ರೊಟ್ಟಿಯಿಲ್ಲ, ದೋಣಿಯಿಲ್ಲ. ನಮ್ಮ ಮನೆಯಲ್ಲಿ ಹಿಂದೆ ಮೂರೂ ಇದ್ದವಲ್ಲ ಎಂದಳು. ಗಂಡನನ್ನು ಹುರಿದುಂಬಿಸಿ ಹಳೆಯದೊಂದು ಇಂಜಿನ್ ದೋಣಿ ತರಿಸಿದಳು. ಪರವಾನಗಿ ಮಾಡಿಸಿದಳು, ಕೇಸರಿ ಬಣ್ಣದ ಜಾಕೀಟುಗಳನ್ನು ತಂದಳು. ತಗಡು ಬದಲಾಯಿಸಿ, ಸುಣ್ಣ ಹೊಡೆಸಿ, ‘ಹೊಳೆದಂಡೆ ಖಾನಾವಳಿ’ ಎಂದು ಬೋರ್ಡು ಬರೆಸಿದಳು. ಸಂಕ್ರಾಂತಿಯ ದಿನ ಜನ ಹೊಳೆಸ್ನಾನಕ್ಕೆ ಬರುತ್ತಾರಲ್ಲ, ಅವತ್ತೇ ಬಾಗಿಲು ತೆರೆದಳು. ನಾನೂ ಹೋಗಿ ಉಂಡು ಬಂದೆ. ಜನವೋ ಜನ.

ಆದರೆ ಒಂದು ಕೆಲಸ ಉಳಿದಿತ್ತು. ವರ್ಷವರ್ಷ ಹೊಳೆ ಏರಿದ್ದಕ್ಕೆ ಪಡಸಾಲೆಯ ನೆಲದ ಅಡಿಯ ಮಣ್ಣು ಕೊರೆದು ಹೋಗಿತ್ತು. ಮನೆ ಕಟ್ಟುವ ಗೌಂಡಿ ಬಂದು ಹಾರೆಯಿಂದ ಬಡಿದು ನೋಡಿದ. ಡಬ್ ಡಬ್ ಎಂದು ಪೊಳ್ಳು ಸಪ್ಪಳ. ಮಳೆಗಾಲಕ್ಕೆ ಮುಂಚೆ ನೆಲ ಅಗೆದು, ಕಲ್ಲು ತುಂಬಿ ಎತ್ತರಿಸದಿದ್ದರೆ ಮುಂದಿನ ಹೊಳೆಗೆ ಮನೆ ನಿಲ್ಲುವುದಿಲ್ಲ ಎಂದುಬಿಟ್ಟ. ಅಗೆಯಬೇಕೆಂದರೆ ನಟ್ಟನಡುವಿನ ಆ ಒಲೆ ಕೀಳಬೇಕು.

“ಒಲಿ ಮುಟ್ಟಬ್ಯಾಡ್ರಿ. ಅಂವ ಇನ್ನ ಇಳದಿಲ್ಲ” ಎಂದಳು ಮಾಳವ್ವ.

ಕೆಂಡವನ್ನು ಪರಾತದಲ್ಲಿ ಹೊತ್ತು ಹೊಸ ಒಲೆಗೆ ಹಾಕುತ್ತೇನೆಂದು ಕಸ್ತೂರಿ ಅಂಗಲಾಚಿದಳು. “ಈ ಒಲಿ ಮುಂದ ನಿಂತ ಹೇಳಿ ಹೋಗ್ಯಾನವಾ, ಹೊಸಾ ಒಲಿ ಅವಂಗೇನ ಗೊತ್ತ?” ಎಂದಳು ಮಾಳವ್ವ. ದಂಡೆಯ ಮೇಲೆ ಕಲ್ಲಿನ ರಾಶಿ ಬಂದು ಬಿತ್ತು, ಹಾಗೇ ಬಿದ್ದಿತ್ತು. ಸಿದ್ದಪ್ಪ ಯಾರ ಕಡೆಗೂ ಸೇರದೆ ದೋಣಿಯ ಹತ್ತಿರವೇ ಇರುತ್ತಿದ್ದ. ಕೊನೆಗೆ ಕಸ್ತೂರಿ ನನಗೆ ಫೋನು ಮಾಡಿದಳು. “ಕಾಕಾರ, ನಿಮ್ಮ ಮಾತು ಕೇಳ್ತಾರವರು. ಈ ಮನಿ ಹ್ವಾದ್ರ ನಮಗ ಮತ್ತ ಕಬ್ಬಿನ ಹೊಲಾನೇ ಗತಿ. ಒಂದ್ ಸಲ ಬಂದ್ ತಿಳಿಸಿ ಹೇಳ್ರಿ.”

ಹೋದೆ. ಮಾತಿನಲ್ಲಿ ನಾನು ಗಟ್ಟಿಗ. ಬೇಡವೆಂದು ಬಾಗಿಲು ಹಾಕಿಕೊಂಡವರಿಗೂ ಸೀರೆ ಮಾರಿದವನು. ಮಾಳವ್ವ ಎಣಗಾಯಿ, ಬಿಸಿ ರೊಟ್ಟಿ, ಗಟ್ಟಿ ಮೊಸರು ಬಡಿಸಿದಳು. ಉಂಡೆ. “ಸಾವಕಾರ್ರ, ನೀವ ಹೇಳ್ರಿ, ಒಲಿ ಬಿಡಬ್ಯಾಡ ಅಂದ ಹೋದಾಂವಗ ನಾ ಏನಂತ ಹೇಳ್ಲಿ?” ಎಂದು ಕೇಳಿದಳು. “ಖರೆ ಐತಿ ಬಿಡವಾ” ಎಂದು ಎದ್ದು ಬಂದೆ. ಕಸ್ತೂರಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಮೊನ್ನೆ ರವಿವಾರ ಮತ್ತೆ ಹೋಗಿದ್ದೆ. ಯುಗಾದಿ ಮುಗಿದು ಬಿಸಿಲು ಏರಿತ್ತು. ಗೌಂಡಿ ಬೇರೆ ಕೆಲಸ ಹಿಡಿಯುತ್ತೇನೆಂದು ಗಡುವು ಕೊಟ್ಟು ಹೋಗಿದ್ದ. ಸಂಜೆಮುಂದೆ ಜಮಖಂಡಿಯ ಒಂದು ಕುಟುಂಬ ದೋಣಿ ಹತ್ತಿತು: ಗಂಡ, ಹೆಂಡತಿ, ಮಕ್ಕಳು, ಒಬ್ಬ ಅಜ್ಜಿ. “ಬರ್ರಿ ಕಾಕಾ, ನಮ್ಮಪ್ಪನ ಗಿರಾಕಿ ನೀವು” ಎಂದು ಸಿದ್ದಪ್ಪ ನನ್ನನ್ನೂ ಎಳೆದ. ಸೇತುವೆಯಾದ ಮೇಲೆ ನಾನು ದೋಣಿಯಲ್ಲಿ ಕೂತದ್ದೇ ಇಲ್ಲ. ಜಾಕೀಟು ಹೊಟ್ಟೆಗೆ ಸಾಲದೆ ಮಕ್ಕಳು ನಕ್ಕವು.

ನಡುನೀರಿನಲ್ಲಿದ್ದಾಗ ಪಡುವಣದಿಂದ ಅಡ್ಡಮಳೆಯ ಗಾಳಿ ಎದ್ದಿತು. ಧೂಳಿನಲ್ಲಿ ದಂಡೆಗಳೆರಡೂ ಕಾಣದಾದವು. ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಅಲೆಗಳು ದೋಣಿಯೊಳಗೆ ಹಾರತೊಡಗಿದವು, ಮಳೆ ಬಂತು, ಅಜ್ಜಿ ಶಿವಶಿವಾ ಎನ್ನತೊಡಗಿದಳು. ನಾನೂ ಎಂದೆ, ಸ್ವಲ್ಪ ಮೆಲ್ಲಗೆ. ಸಿದ್ದಪ್ಪ ಹುಟ್ಟು ಹಾಕಿ ಹಾಕಿ ದೋಣಿಯನ್ನು ಜೊಂಡಿನ ಮರೆಗೆ ಸೇರಿಸಿದ. ಗಾಳಿ ಇಳಿಯುವತನಕ ಎಲ್ಲರೂ ಜೊಂಡು ಹಿಡಿದುಕೊಂಡು ಕೂತೆವು. ಅಂಥ ಜೊಂಡಿನಲ್ಲೇ ಅವನ ಅಪ್ಪನ ದೋಣಿ ಸಿಕ್ಕಿದ್ದು. ಅವನೂ ಅದನ್ನೇ ನೆನೆಯುತ್ತಿದ್ದನೋ ಏನೋ, ಮುಖ ಮಾತ್ರ ಬಿಳಿಚಿಕೊಂಡಿತ್ತು. ಆಮೇಲೆ ಎದೆಮಟ್ಟದ ನೀರಿಗಿಳಿದು, ದಂಡೆಗುಂಟ ದೋಣಿಯನ್ನು ತಳ್ಳಿಕೊಂಡು ಬಂದ.

ಹೊತ್ತು ಮುಳುಗುವ ಹೊತ್ತಿಗೆ ಮೆಟ್ಟಿಲು ಕಂಡಿತು. ಕಸ್ತೂರಿ ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದಳು. ಮಕ್ಕಳನ್ನು ಒಂದೊಂದಾಗಿ ಎತ್ತಿ ಇಳಿಸಿದಳು, ಅಜ್ಜಿಯನ್ನು ಅಪ್ಪಿ ಇಳಿಸಿದಳು. ನಾನು ಜಾರಿ ಕೂತು, ಧೋತರ ಸಾವರಿಸಿಕೊಂಡು ಎದ್ದೆ. ಮೇಲೆ ಬಾಗಿಲಲ್ಲಿ ಮಾಳವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಆ ಮಬ್ಬಿನಲ್ಲಿ ಅವಳಿಗೆ ನಮ್ಮ ಮುಖಗಳು ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗಿ ಕೇಳಿದಳು.

“ಎಲ್ಲಾರೂ ಇಳದ್ರೇನ?”

ಆ ಹೊಳೆ ಬಂದ ವರ್ಷದಿಂದ ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ನಾನು ಮೆಟ್ಟಿಲ ಮೇಲೆ ಹಾಗೇ ನಿಂತೆ. ಉತ್ತರ ನನಗೆ ಗೊತ್ತಿತ್ತು, ಹೇಳುವ ಅಧಿಕಾರ ಇರಲಿಲ್ಲ. ಸಿದ್ದಪ್ಪ ಹಗ್ಗವನ್ನು ಗೂಟಕ್ಕೆ ಸುತ್ತುತ್ತಿದ್ದ. ಅವನ ಕೈ ನಿಂತಿತು.

“ಇಳದಾರ ಯವ್ವಾ” ಎಂದ. “ನಾನೂ ಇಳದೇನಿ. ಒಲಿ... ಒಲಿ ಶಾಂತ ಮಾಡು.”

ಮಾಳವ್ವ ಒಳಗೆ ಹೋದಳು. ಮೊದಲು ಹಂಚು ಏರಿಸಿದಳು. ತೊಯ್ದು ತೊಪ್ಪೆಯಾದ ನಮಗೆಲ್ಲ ಕಂಬಳಿ ಹೊದಿಸಿ, ಬಿಸಿಬಿಸಿ ರೊಟ್ಟಿ ಬಡಿದು ಹಾಕಿದಳು. ನಾನು ಅವತ್ತು ಯಾವ ಮೊಳೆಯ ಹಂಚು ಎಂದು ನೋಡಲಿಲ್ಲ. ಆ ಕುಟುಂಬ ಕಾರು ಹತ್ತಿ ಹೋದ ಮೇಲೆ ತಂಬಿಗೆಯಲ್ಲಿ ನೀರು ತಂದಳು. ಒಲೆಯ ಮುಂದೆ ಕೂತಳು. ಕಸ್ತೂರಿ ಹತ್ತಿರ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಸಾಕು. ಎಷ್ಟ್ ಕಾಯಿಸ್ತಿ? ಎಲ್ಲಾರೂ ಇಳದಾರ, ಇನ್ನ ನೀನೂ ಇಳಿ” ಎಂದಳು ಮಾಳವ್ವ. ನಮಗಲ್ಲ. ನೀರು ಸುರಿದಳು. ಚುಂಯ್ ಎಂದು ಹೊಗೆ ಎದ್ದು, ಪಡಸಾಲೆಯೆಲ್ಲ ಒದ್ದೆ ಬೂದಿಯ ವಾಸನೆ ತುಂಬಿತು. ಆಮೇಲೆ ಅತ್ತಳು ನೋಡಿ, ಅವತ್ತೇ ಸುದ್ದಿ ಬಂದವಳ ಹಾಗೆ ಎದೆ ಬಡಿದುಕೊಂಡು ಅತ್ತಳು. ಸಿದ್ದಪ್ಪ ಅತ್ತ. ನಾನೂ ಅತ್ತೆ, ಮುಚ್ಚಿಡುವುದೇನಿದೆ?

ಅವತ್ತು ಅಲ್ಲೇ ಉಳಿದೆ. ಬೆಳಗಾದ ಮೇಲೆ ಚಹಾ ಬೇಕಲ್ಲ, ಮನೆಯಲ್ಲಿ ಬೆಂಕಿಯೇ ಇಲ್ಲ. “ಸಾವಕಾರ್ರ, ಕಡ್ಡಿಪೆಟ್ಟಿಗಿ ಐತೇನ್ರಿ?” ಎಂದು ಮಾಳವ್ವ ಕೇಳಿದಳು. ಬೀಡಿ ಬಿಟ್ಟಿದ್ದಕ್ಕೆ ನನಗೆ ಮೊದಲ ಸಲ ಕೆಡುಕೆನಿಸಿತು. ಊರೊಳಗಿನ ಅಂಗಡಿಗೆ ಹೋಗಿ ಎರಡು ಪೆಟ್ಟಿಗೆ ತಂದು ಒಂದನ್ನು ಕೊಟ್ಟೆ, ಇನ್ನೊಂದು ನನ್ನ ಅಂಗಿಯ ಕಿಸೆಯಲ್ಲೇ ಉಳಿಯಿತು. ಕಲ್ಲಿನ ರಾಶಿಯ ಪಕ್ಕ ಮೂರು ಕಲ್ಲು ಹೂಡಿ ಕೂತಳು. ಒಳಗೆ ಗೌಂಡಿಯನ್ನು ಕರೆಯಲಿಕ್ಕೆ ಕಸ್ತೂರಿ ಫೋನು ಹಚ್ಚಿದ್ದಳು. ಕಡ್ಡಿ ಗೀರುವ ರೂಢಿ ಮಾಳವ್ವನ ಕೈಗೆ ತಪ್ಪಿತ್ತು. ಒಂದು ಮುರಿಯಿತು, ಇನ್ನೊಂದು ಗಾಳಿಗೆ ಹೋಯಿತು. ನಾನು ಹಚ್ಚಿ ಕೊಡಲು ಹೋದರೆ ಕೈ ಸರಿಸಿದಳು.

“ದಿನಾ ಹೊಸದಾಗಿ ಹಚ್ಚೂದು ಭಾಳ ತ್ರಾಸ್ ನೋಡ್ರಿ” ಎಂದು ಮತ್ತೊಂದು ಕಡ್ಡಿ ತೆಗೆದಳು.

ಇಷ್ಟನ್ನೂ ಆಮೇಲೆ ಸುಮಾಗೆ ಹೇಳಿದೆ. ಅವಳು ಒದ್ದೆ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ ಕಟ್ಟೆಯ ಬಿಸಿಲಿಗೆ ಸಾಲಾಗಿ ಇಟ್ಟಳು.

ಸಂಜೆ ಮಗ ಮಗ್ಗದಿಂದ ಬರುವುದು ತಡವಾದರೆ, ಹಸಿವೆ ತಾಳಲಾರದೆ ನಾನು ಸೊಸೆಯ ಮೇಲೆ ಗೊಣಗುವುದು ರೂಢಿ. ಇವತ್ತು ಗೊಣಗಲಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟ ಸಪ್ಪಳ ಕೇಳಿದ ಮೇಲೆ, ಕಟ್ಟೆಯಿಂದಲೇ ಒಳಗೆ ಕೇಳಿದೆ.

“ಎಲ್ಲಾರೂ ಬಂದ್ರೇನವಾ?”

“ಬಂದಾರ್ರೀ ಮಾವಾರ” ಎಂದಳು ಸುಮಾ, ಮತ್ತು ಗ್ಯಾಸು ಬಂದ್ ಮಾಡಿದ ಸಪ್ಪಳ ಕೇಳಿಸಿತು.