ಮೂರನೇ ಸಲಕ್ಕೆ ಓ

ನನ್ನ ಮೆಚ್ಚಿನ ಧ್ವನಿ ಕಲಾವಿದರು ಮೂವರು. ಯಾರೆಂದು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ. ಚಿಕ್ಕೋಡಿಯ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಶಾಲೆಯ ಯೂನಿಫಾರ್ಮ್ ಅಳೆದು ಕೊಡುವ ಇಪ್ಪತ್ತೆಂಟರ ಹೆಣ್ಣುಮಗಳು ಊಟದ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಪಾನಿನ ಅನಿಮೆ ನೋಡುತ್ತಾಳೆಂದರೆ ಜನಕ್ಕೆ ನಗು. “ಇನ್ನೂ ಕಾರ್ಟೂನ್ ನೋಡ್ತಿಯಲ್ಲಬೇ, ಮದುವಿ ಯಾವಾಗ?” ಎನ್ನುತ್ತಾರೆ ಅಂಗಡಿಯ ಹೆಂಗಸರು. ಕಾರ್ಟೂನಿಗೂ ಮದುವೆಗೂ ಏನು ಸಂಬಂಧವೋ ದೇವರೇ ಬಲ್ಲ.

ಮೊದಲನೆಯವರು ಒಬ್ಬ ವಯಸ್ಸಾದ ಕಲಾವಿದರು. ಕೊಲ್ಲುತ್ತೇನೆ ಎಂಬುದನ್ನೂ ಅರ್ಧ ಕಪ್ ಚಹಾ ಕೇಳಿದಷ್ಟು ಮೆತ್ತಗೆ ಹೇಳುತ್ತಾರೆ. ಎರಡನೆಯವರು ಗಂಡುಹುಡುಗರ ಪಾತ್ರಕ್ಕೇ ದನಿ ಕೊಡುವ ಹೆಂಗಸು. ಮೂರನೆಯವಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅವಳು ದನಿ ಕೊಡುವುದು ಹೈಸ್ಕೂಲು ಹುಡುಗಿಯೊಬ್ಬಳ ಪಾತ್ರಕ್ಕೆ. ನೀಲಿ ಲಂಗ, ಬಿಳಿ ಅಂಗಿ, ಥೇಟ್ ನಮ್ಮ ಶಾಲೆಯದೇ ಬಣ್ಣ. ಪ್ರತಿ ಕಂತಿನಲ್ಲೂ ಆ ಹುಡುಗಿ ಸಂಜೆ ಮನೆಗೆ ಬಂದು, ಬಾಗಿಲಲ್ಲಿ ಬೂಟು ಬಿಚ್ಚುತ್ತ ‘ತದಾಯಿಮಾ’ ಎಂದು ಕೂಗುತ್ತಾಳೆ. ಮನೆಗೆ ಬಂದೆ ಎಂದು ಅರ್ಥ. ಮೊದಲ ಸಲ ಅದನ್ನು ಕೇಳಿದಾಗ ಹಿಂದೆ ತಿರುಗಿ ನೋಡಿದೆ. ಅದು ನನ್ನ ಅಕ್ಕನ ದನಿಯಾಗಿತ್ತು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಏಕಸಂಬಿಯ ನಮ್ಮ ಮನೆಯಲ್ಲಿ ಶಾಲೆ ಬಿಟ್ಟ ಮೇಲೆ ಟಿವಿಯಲ್ಲಿ ಜಪಾನಿನ ಕಾರ್ಟೂನುಗಳು ಹಿಂದಿ ಮಾತನಾಡುತ್ತ ಬರುತ್ತಿದ್ದವು. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕನ್ನಡ ಮರಾಠಿ ಬಿಟ್ಟರೆ ಬೇರೆ ಬಾರದು. ಅದಕ್ಕೇ ಅಕ್ಕ ಟಿವಿಯ ದನಿ ಸಣ್ಣಗೆ ಮಾಡಿ, ತಾನೇ ಎಲ್ಲರ ಮಾತನ್ನೂ ಕನ್ನಡದಲ್ಲಿ ಆಡುತ್ತಿದ್ದಳು. ರಾಕ್ಷಸನಿಗೆ ಒಂದು ದನಿ, ಬೆಕ್ಕಿಗೆ ಒಂದು, ಸೈನಿಕರಿಗೆಲ್ಲ ಸೇರಿಸಿ ಒಂದು. ಆಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಇಷ್ಟು ಬಗೆಯ ದನಿ ತೆಗೆಯುತ್ತಿದ್ದ ಮೊಮ್ಮಗಳಿಗೆ ಆಯಿಯೇ ಒಂದು ನಿಯಮ ಹಾಕಿದ್ದಳು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಸಲಕ್ಕೆ ಓ ಅನ್ನಬಾರದು. “ಮನಷ್ಯಾರಾದ್ರ ಮೂರ ಸಲ ಕರೀತಾರ. ಅದು ಬ್ಯಾರೆ ಏನರ ಇದ್ರ ಎರಡ ಸಲಕ್ಕ ಸುಮ್ಮಾಗತೈತಿ. ಗುರುತಿನ ದನಿ ತಗೊಂಡ ಬರತೈತಿ ಅದು, ನೆಪ್ಪ ಇರಲಿ.” ಹೀಗಾಗಿ ನಮ್ಮ ಮನೆಯಲ್ಲಿ ಸಂಜೆ ಆರರ ಮೇಲೆ ಎಲ್ಲರೂ ಕಿವುಡರು. ಹಾಲು ಕೊಡಲು ಬಂದವಳು ಗಂಟಲು ಹರಿದುಕೊಳ್ಳಬೇಕಿತ್ತು.

ಯೂನಿಫಾರ್ಮಿನದು ಅವ್ವನ ನಿಯಮ. ಅಕ್ಕನಿಗೆ ಲಂಗ ಹೊಲಿಸುವಾಗ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಇಡಿಸುತ್ತಿದ್ದಳು. ಪ್ರತಿ ಜೂನ್ ತಿಂಗಳು ಒಂದು ಮಡಿಕೆ ಬಿಚ್ಚುವುದು, ಅಕ್ಕ ಎತ್ತರವಾದಂತೆ ಲಂಗವೂ ಉದ್ದವಾಗುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಕಡುನೀಲಿ ಪಟ್ಟಿ ಉಳಿಯುತ್ತಿತ್ತು. ಆ ಪಟ್ಟಿಗಳನ್ನು ಎಣಿಸಿದರೆ ಆ ಲಂಗ ಎಷ್ಟು ವರ್ಷ ಶಾಲೆಗೆ ಹೋಗಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆಮೇಲೆ ಅದು ನನಗೆ ಬರುತ್ತಿತ್ತು. ಅಕ್ಕನ ಅಂಗಿಯ ಕಾಲರು ನನ್ನ ಕುತ್ತಿಗೆಗೆ ಅಗಲ, ಒಂದು ಕಡೆಗೆ ವಾಲುತ್ತಲೇ ಇರುತ್ತಿತ್ತು. ನಾನು ಶಾಲೆಯಲ್ಲಿ ಏಳನೆಯ ಇಯತ್ತೆಗೆ ಹೋದಾಗ ಅಂಗಳದಲ್ಲಿ ಬಿದ್ದು ಹೊರಳಾಡಿದೆ. ಅಕ್ಕನ ಹಳೆಯದು ಒಲ್ಲೆ, ನನಗೆ ಹೊಸದೇ ಬೇಕು ಎಂದು ಅತ್ತೆ. ಬೆನ್ನಿಗೆ ಎರಡು ಬಿದ್ದವು, ಹಳೆಯದನ್ನೇ ತೊಟ್ಟುಕೊಂಡು ಹೋದೆ.

ಆ ವರ್ಷ ದೀಪಾವಳಿ ಸೂಟಿಯಲ್ಲಿ ಅಕ್ಕನಿಗೆ ಕಾಮಾಲೆ ಆಯಿತು. ಮಿರಜದ ಆಸ್ಪತ್ರೆಗೆ ಒಯ್ದರು. ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು. ಸೂಟಿ ಮುಗಿಯುವ ಹೊತ್ತಿಗೆ ಅವ್ವ ನನಗೆ ಹೊಸ ಯೂನಿಫಾರ್ಮ್ ಹೊಲಿಸಿದಳು. ಅಕ್ಕನ ಲಂಗವನ್ನು ಟ್ರಂಕಿಗೆ ಹಾಕಿ ಕೀಲಿ ಜಡಿದಳು. ಹೊಸ ಬಟ್ಟೆಯ ಗಂಜಿಯ ವಾಸನೆ ನನಗೆ ಈಗಲೂ ಆಗಿಬರುವುದಿಲ್ಲ, ಮಾಡುವ ನೌಕರಿ ನೋಡಿದರೆ ಅದೇ.

ಅಕ್ಕನ ಫೋಟೋ ಇದ್ದವು, ದನಿ ಎಲ್ಲೂ ಇರಲಿಲ್ಲ. ಆಗ ನಮ್ಮ ಮನೆಯ ಮೊಬೈಲಿನಲ್ಲಿ ಮಾತಾಡುವುದು ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ವರ್ಷ ಕಳೆದಂತೆ ರಾಕ್ಷಸನ ದನಿ, ಬೆಕ್ಕಿನ ದನಿ ನೆನಪಿದ್ದವು. ಅವಳದೇ ದನಿ ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಸಿಕ್ಕಿದವಳು ಈ ಮೂರನೆಯ ಕಲಾವಿದೆ. ಅವಳನ್ನು ದಿನಾ ಕೇಳಿದೆ. ಎಷ್ಟು ಕೇಳಿದೆನೆಂದರೆ ನೆನಪಿನಲ್ಲಿ ಅಕ್ಕ ಕನ್ನಡ ಆಡಿದರೂ ಉಸಿರು ಆ ಜಪಾನಿ ಹೆಂಗಸಿನದೇ ಆಯಿತು.

ಹೋದ ವರ್ಷ ಯುಗಾದಿಯ ನಂತರದ ಒಂದು ಭಾನುವಾರ ಇಯರ್‌ಫೋನ್ ಕೆಟ್ಟಿತ್ತು. ಪಡಸಾಲೆಯಲ್ಲಿ ಮೊಬೈಲನ್ನು ಜೋರಾಗಿಯೇ ಹಚ್ಚಿಕೊಂಡು ನೋಡುತ್ತಿದ್ದೆ. ಅವ್ವ ಆಗಷ್ಟೇ ದೇವರಿಗೆ ದೀಪ ಹಚ್ಚಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಹುಡುಗಿ ಬಾಗಿಲಿಗೆ ಬಂದು ‘ತದಾಯಿಮಾ’ ಎಂದಳು.

“ಓ, ಬಂದ್ಯಾ? ಕೈಕಾಲ ತೊಳಕೋ, ಚಾ ಇಡ್ತೀನಿ,” ಎಂದಳು ಅವ್ವ ಒಳಗಿನಿಂದ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ದನಿ ಅಕ್ಕನದು ಎಂದು ನಾನು ಅವ್ವನಿಗೆ ಒಂದು ದಿನವೂ ಹೇಳಿರಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನನ್ನು ನೋಡಿದಳು, ಮೊಬೈಲು ನೋಡಿದಳು. ಆಯಿ ಹೋದ ಮೇಲೂ ಮುರಿಯದ ನಿಯಮ, ಅವ್ವ ಒಂದೇ ಕರೆಗೆ ಓ ಅಂದಿದ್ದಳು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ಸಂಜೆಯಾದರೆ ಅವಳೇ ಕೇಳತೊಡಗಿದಳು, “ಇವತ್ತ ಆಕಿ ಬರೂದಿಲ್ಲೇನು?” ಅರ್ಥವಾಗದ ಭಾಷೆಯ ಮುಂದೆ ಬತ್ತಿ ಹೊಸೆಯುತ್ತ ಕೂರುವಳು, ಕಣ್ಣು ಮುಚ್ಚಿಕೊಂಡು ಕೇಳುವಳು. ರೊಟ್ಟಿಯ ಬುಟ್ಟಿಯಲ್ಲಿ ದಿನಾ ಒಂದು ರೊಟ್ಟಿ ಹೆಚ್ಚಿಗೆ ಉಳಿಯತೊಡಗಿತು. ಅಪ್ಪ ಅದನ್ನು ಬೆಳಗ್ಗೆ ನಾಯಿಗೆ ಹಾಕಿ ಹೊಲಕ್ಕೆ ಹೋಗುತ್ತಿದ್ದ. ಜೂನ್ ಮೊದಲ ವಾರ ನಾನು ಕೆಲಸದಿಂದ ಬಂದಾಗ ಟ್ರಂಕು ತೆರೆದಿತ್ತು. ಅವ್ವ ಕಿಟಕಿಯ ಬೆಳಕಿಗೆ ಅಕ್ಕನ ಲಂಗ ಹಿಡಿದು, ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

“ಅವ್ವಾ, ಏನ್ ಮಾಡಾಕತ್ತಿ?”

“ಸಾಲಿ ಸುರು ಆದ್ವಲ್ಲ,” ಎಂದಳು, ತಲೆ ಎತ್ತದೆ.

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೆದರಿಕೆಯೂ ಆಗಿತ್ತು, ಸಿಟ್ಟೂ ಬಂದಿತ್ತು. ನಾನೇ ಮನೆಯೊಳಗೆ ಕರೆತಂದ ದನಿ ಅದು, ಅವ್ವನನ್ನು ಕೈಹಿಡಿದು ಎಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು.

ಅದೇ ವಾರ ಅಂಗಡಿಗೆ ಒಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಎಲ್ಲ ತಾಯಂದಿರೂ ಹೇಳುವುದನ್ನೇ ಹೇಳಿದಳು, “ಎರಡ ಬೆರಳ ದೊಡ್ಡದ ಕೊಡ್ರಿ, ಬೆಳಿಯೂ ಕೂಸು.” ಅಳತೆ ಪಟ್ಟಿ ಹಿಡಿದು ಬಗ್ಗಿದ ನನ್ನ ಮುಖವನ್ನು ನೋಡಿ ಅವಳಿಗೆ ಗುರುತು ಸಿಕ್ಕಿತು. ಅಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಅಕ್ಕ ಹೋದ ವರ್ಷ, ಸೂಟಿಗೆ ಮೊದಲು, ಶಾಲೆಯ ವಾರ್ಷಿಕ ಗ್ಯಾದರಿಂಗಿನ ಹಾಡಿನ ತಾಲೀಮನ್ನು ಅಣ್ಣನ ಮೊಬೈಲಿನಲ್ಲಿ ಕದ್ದು ರೆಕಾರ್ಡ್ ಮಾಡಿದ್ದಳಂತೆ. “ಹಾಡು ಮುಗದ ಮ್ಯಾಲ ನಿಮ್ಮಕ್ಕನ ಮಾತ ಐತಿ ನೋಡವಾ. ನೀನೂ ಅಲ್ಲೇ ಇದ್ದಿ.” ನನ್ನ ನಂಬರ್ ತೆಗೆದುಕೊಂಡು, ಮನೆಗೆ ಹೋಗಿ ಕಳಿಸಿದಳು.

ಬಸ್ಸಿನಲ್ಲಿ ಕಿವಿಗೆ ಹಿಡಿದು ಕೇಳಿದೆ. ಹಾಡು, ಕೆಮ್ಮು, ಬೆಂಚು ಎಳೆದ ಸದ್ದು. ಆಮೇಲೆ ಒಬ್ಬ ಹುಡುಗಿ ಮಾತಾಡಿದಳು. ದಪ್ಪ ದನಿ, ಗಡಿಬಿಡಿ ಮಾತು, ನೆಗಡಿಯಾದಂತೆ ಮೂಗಿನಲ್ಲಿ. ಯಾರೋ ಪರಕೀಯಳು. ಆ ಜಪಾನಿ ದನಿಗೂ ಇದಕ್ಕೂ ಕೂದಲೆಳೆಯಷ್ಟೂ ಹೋಲಿಕೆ ಇರಲಿಲ್ಲ. ಅಲ್ಲಿಯವರೆಗೆ ನಾವು ಓ ಎಂದದ್ದು ಯಾರಿಗೆ?

ನಾಲ್ಕು ದಿನ ಅದನ್ನು ಅವ್ವನಿಗೆ ಕೇಳಿಸಲಿಲ್ಲ. ಕೇಳಿಸಿದರೆ ಸಂಜೆ ಬರುವ ಹುಡುಗಿ ಹೊರಟುಹೋಗುತ್ತಾಳೆ, ಅವ್ವ ಎರಡನೆಯ ಸಲ ಮಗಳನ್ನು ಕಳೆದುಕೊಳ್ಳುತ್ತಾಳೆ. ಕೇಳಿಸದಿದ್ದರೆ ಅಕ್ಕ ನನ್ನ ಮೊಬೈಲಿನಲ್ಲಿ ಬಿದ್ದಿರುತ್ತಾಳೆ, ಅವಳ ಪಾಲಿನ ರೊಟ್ಟಿಯನ್ನು ಬೇರೆ ಯಾವುದೋ ತಿನ್ನುತ್ತದೆ. ಐದನೆಯ ದಿನ ಬಂದಾಗ ಬಿಚ್ಚಿದ ಲಂಗ ಇಸ್ತ್ರಿಗೆಂದು ಗಾದಿಯ ಕೆಳಗೆ ಹೋಗಿತ್ತು, ನೀಲಿ ಅಂಚು ಹೊರಗೆ ಇಣುಕುತ್ತಿತ್ತು. ಇನ್ನು ತಡೆಯಬಾರದು ಎನ್ನಿಸಿತು. ದೀಪ ಹಚ್ಚಿದ ಹೊತ್ತಿಗೆ ಅವ್ವ ಬತ್ತಿ ಹೊಸೆಯಲು ಕೂತಳು. ನಾನು ಅನಿಮೆ ಹಚ್ಚಲಿಲ್ಲ, ರೆಕಾರ್ಡಿಂಗ್ ಹಚ್ಚಿದೆ.

ಹಾಡು ಮುಗಿಯಿತು. “ಏ ಸಣ್ಣಾಕಿ, ಕಾಲರ್ ನೋಡಕೋ. ಅವ್ವಗ ಹೇಳ್ತೀನಿ ನೋಡ!”

ಅವ್ವ ಕಣ್ಣು ತೆರೆದಳು. “ಯಾರದ ಇದು? ಇದು ನಮ್ಮಾಕಿ ಅಲ್ಲ. ಆಕಿನ ಹಚ್ಚು.”

ನಾನು ಅದನ್ನೇ ಇನ್ನೊಮ್ಮೆ ಹಚ್ಚಿದೆ.

“ಏ ಸಣ್ಣಾಕಿ, ಕಾಲರ್ ನೋಡಕೋ.”

ನನ್ನ ಕೈ ತಾನಾಗಿಯೇ ಎದ್ದು ಕುತ್ತಿಗೆಗೆ ಹೋಯಿತು. ದುಂಡು ಕುತ್ತಿಗೆಯ ಚೂಡಿದಾರ, ಅದಕ್ಕೆ ಕಾಲರೇ ಇಲ್ಲ. ಆದರೂ ಬೆರಳುಗಳು ಎಡಗಡೆ ವಾಲಿದ್ದನ್ನು ಸರಿಪಡಿಸಲು ತಡಕಾಡಿದವು. ಕಿವಿ ಪೂರ್ತಿ ಮರೆತದ್ದನ್ನು ಕೈ ಮರೆತಿರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ನಿಂತು ದಿನಾ ಅಕ್ಕನಿಂದ ಬೈಸಿಕೊಂಡ ಕೈ ಅದು. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಬೆರಳಿನಲ್ಲಿ ಬತ್ತಿ ಅರ್ಧಕ್ಕೇ ನಿಂತಿತ್ತು.

ದನಿ ನಿಂತಿತು. ಅವ್ವ ಬತ್ತಿ ಕೆಳಗಿಟ್ಟಳು. ಆಮೇಲೆ ಹತ್ತಿಯ ಎಳೆ ಅಂಟಿದ ಬೆರಳಿನಿಂದ ತಾನೇ ಮೊಬೈಲನ್ನು ಒತ್ತಿದಳು. ಹಾಡು ಮುಗಿಯುವವರೆಗೂ ನಾವಿಬ್ಬರೂ ಕಾದೆವು.

“ಏ ಸಣ್ಣಾಕಿ, ಕಾಲರ್ ನೋಡಕೋ. ಅವ್ವಗ ಹೇಳ್ತೀನಿ ನೋಡ!”

ಮೂರನೆಯ ಸಲ.

“ಓ,” ಎಂದಳು ಅವ್ವ. “ಹೇಳವಾ.”