ಸುಲ್ತಾನಬಿಯ ತಂತಿ, ಅತ್ತೆಯ ಸಿರ್ಕಾ

೧೯೮೬ರ ಫೆಬ್ರವರಿಯ ಒಂದು ಸೋಮವಾರ. ನಮ್ಮ ಬಾವಿಯ ಸುಟ್ಟ ಮೋಟಾರನ್ನು ಗೊಬ್ಬೂರಿನಿಂದ ಬಸ್ಸಿನ ಮೇಲೆ ತಂದು, ಕೈಗಾಡಿಗೆ ಹಾಕಿಸಿ, ಅಫಜಲಪುರದ ರಿವೈಂಡಿಂಗ್ ಅಂಗಡಿಯ ಮುಂದೆ ಇಳಿಸಿದೆ. ಒಳಗೆ ಬೂದು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಹಿಡಿಕೆ ತಿರುಗಿಸುತ್ತ ತಾಮ್ರದ ತಂತಿ ಸುತ್ತುತ್ತಿದ್ದರು. ಬಾಯಲ್ಲಿ ಎಣಿಕೆ ನಡೆದಿತ್ತು.

"ಮಾಲಕರು ಎಲ್ಲಿ ಹೋಗ್ಯಾರ್ರಿ?" ಎಂದೆ.

ಎಡಗೈ ಎತ್ತಿ ನನ್ನನ್ನು ತಡೆದರು. ಎಂಬತ್ತಕ್ಕೆ ಎಣಿಕೆ ಮುಗಿಸಿ, "ಎಲ್ಲೂ ಹೋಗಿಲ್ರಿ. ನಿಮ್ಮ ಮುಂದೇ ಕುಂತಾಳ," ಎಂದರು.

ಅವರೇ ಸುಲ್ತಾನಬಿ. ತಂದೆಯಿಂದ ಕಲಿತ ಕೆಲಸ. ನಾಲ್ಕು ದಿನದಲ್ಲಿ ಮೋಟಾರು ಕೊಟ್ಟರು. ಅದು ಇಪ್ಪತ್ತು ದಿನ ಓಡಿ ನಿಂತಿತು. ಮತ್ತೆ ತಂದಾಗ ಅಂಗಡಿಯಲ್ಲಿ ಹಾಗೆಯೇ ತಿರುಗಿ ಬಂದ ಇನ್ನೆರಡು ಮೋಟಾರುಗಳಿದ್ದವು.

"ಬೆಸುಗೆ ಬಿಟ್ಟದ್ರಿ. ಹೆಣ್ಣಿನ ಕೈ ಅಂತ ಮಂದಿ ನಗಾಕತ್ತಾರ. ನಿಮ್ದು ಇನ್ನೊಮ್ಮಿ ಬಂತಂದ್ರ ಅಂಗಡಿ ಬೋರ್ಡ್ ಇಳಸ್ತೇನಿ."

ಬೇಸಿಗೆಗೆಂದು ಮೊದಲೇ ಸುತ್ತಿಟ್ಟು, ಈ ಮೂರೂ ಮೋಟಾರುಗಳಿಗೆ ಬಳಸಿದ್ದ ಸುರುಳಿಗಳಲ್ಲಿ ಉಳಿದವನ್ನು ತೋರಿಸಲು ಮರದ ಪೆಟ್ಟಿಗೆಯ ಬೀಗ ತೆಗೆದರು. ಬೆಸುಗೆಗಾಗಿ ಲೇಪ ಕೆರೆದಿದ್ದ ತುದಿಗಳೆಲ್ಲ ಮಂಕಾಗಿ, ಕೆಲವಕ್ಕೆ ಹಸಿರು ಹಿಡಿದಿತ್ತು. ಮೇಲೆಮೇಲೆ ಉಜ್ಜಿದರೆ ಅಂಥ ತಾಮ್ರಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಅಷ್ಟರಲ್ಲಿ ನನ್ನ ಮೂಗು ಚುರುಗುಟ್ಟಿತು. ಹಿಂದಿನ ವರ್ಷವಷ್ಟೇ ಬಿ.ಎಸ್ಸಿ. ಮುಗಿಸಿದ್ದೆ, ಪ್ರಯೋಗಾಲಯದ ಅಸಿಟಿಕ್ ಆಮ್ಲದ ವಾಸನೆ ಮರೆತಿರಲಿಲ್ಲ.

"ಇದರಾಗ ಹುಳಿ ಏನರ ಇಟ್ಟೀರೇನ್ರಿ?"

"ನನಗ ವಾಸನಿ ತಿಳಿಯಂಗಿಲ್ರಿ. ವಾರ್ನಿಷ್ ಮೂಸಿ ಮೂಸಿ ಮೂಗು ಸತ್ತದ."

ಪೆಟ್ಟಿಗೆಯ ಮೂಲೆಯಲ್ಲಿ, ಗೋಣಿತಟ್ಟಿನ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿದ ಭರಣಿಯೊಂದು ಸಿಕ್ಕಿತು. ಕಬ್ಬಿನ ಹಾಲು ಹುಳಿಸಿ ಮಾಡಿದ ಸಿರ್ಕಾ, ಅದರಲ್ಲಿ ನೆನೆಹಾಕಿದ ಉಳ್ಳಾಗಡ್ಡಿ. ಅಂಗಡಿಯ ಹಿಂದಿನ ಮನೆಯಿಂದ ಸುಲ್ತಾನಬಿಯ ಅತ್ತೆ ಅಖ್ತರಬೇಗಂ ಓಡಿಬಂದರು.

"ನಾನೇ ಇಟ್ಟೇನಿ! ಹೊರಗಿಟ್ರ ಇಕಿ ತಂತಿ ಸುತ್ತಕೋತ ಎಲ್ಲಾ ನುಂಗತಾಳ!"

ಸಿರ್ಕಾದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ತಾಮ್ರವನ್ನು ತಿನ್ನುತ್ತದೆ ಎಂದೆ. "ಭರಣಿ ತಂತಿಗಿ ಮುಟ್ಟೇ ಇಲ್ಲಲ್ಲ!" ಎಂದು ವಾದಿಸಿದರು. ಕೆರೆದ ತಂತಿಯ ಒಂದು ತುಂಡನ್ನು ಭರಣಿಯ ಜೊತೆ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಬೀಗದ ಕೀಲಿಯನ್ನು ಅವರಿಗೇ ಕೊಟ್ಟೆ. ಮುಂದಿನ ಸೋಮವಾರ ನೋಡಿದರೆ ಗೂಡಿನದು ಹೊಳೆಯುತ್ತಿತ್ತು, ಪೆಟ್ಟಿಗೆಯದು ಹಸಿರಾಗಿತ್ತು.

"ಹಂಗಾರ ನನ್ನ ಸಿರ್ಕಾ ಭಾರಿ ತೇಜ್ ಅದ!" ಅಖ್ತರಬೇಗಂ ಹಿಗ್ಗಿಹೋದರು.

"ಅದ ಅಮ್ಮಾ, ಮೂರು ಮೋಟಾರ್ ತಿಂದದ," ಎಂದು ಸುಲ್ತಾನಬಿ ನಕ್ಕ ನಗುವಿಗೆ ಎದುರಿನ ಚಹಾದಂಗಡಿಯವರೂ ಇಣುಕಿದರು.

ಭರಣಿ ಅಡಿಗೆಮನೆಗೆ ಹೋಯಿತು. ಹೊಸ ತಂತಿ ಸುತ್ತಿದ ನಮ್ಮ ಮೋಟಾರು ಬೇಸಿಗೆಯುದ್ದಕ್ಕೂ ನಿಲ್ಲದೆ ಓಡಿತು. ಕಬ್ಬು ಬಂದಾಗ ಒಂದು ಹೊರೆ ಹೊತ್ತೊಯ್ದು ಅಖ್ತರಬೇಗಂ ಅವರ ಮುಂದಿಳಿಸಿದೆ.

ಬೋರ್ಡು ಇಳಿಯಲಿಲ್ಲ. ಸುಲ್ತಾನಬಿ ಈಗಲೂ ಅದೇ ಅಂಗಡಿಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ.